ಅತ್ತೆಯ 28 ದಿನದ ಇಂಜೆಕ್ಷನ್ ಹಂದಿಯಿಂದ ಮಾಡಿದ್ದಂತೆ. ಹೇಳಲೋ ಬೇಡವೋ?

ದಾವಣಗೆರೆ ಸೊಸೆ:

ನಮ್ಮತ್ತೆಗೆ 66 ವರ್ಷ. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಈಗ ದಾವಣಗೆರೆಯಲ್ಲಿ ನಮ್ಮ ಜೊತೆ ಇದ್ದಾರೆ. ರಕ್ತ ಹೆಪ್ಪುಗಟ್ಟಬಾರದು ಅಂತ ಎನಾಕ್ಸಪಾರಿನ್ 40 ಮಿಲಿಗ್ರಾಂ, ದಿನಕ್ಕೊಂದು, ಒಟ್ಟು 28 ದಿನ ಬರೆದಿದ್ದಾರೆ. ರಾತ್ರಿ 8ಕ್ಕೆ ನಾನೇ ಹಾಕುತ್ತೇನೆ. ಮೊದಲ ದಿನ ಅತ್ತೆಗಿಂತ ನನಗೇ ಜಾಸ್ತಿ ಭಯ. ನಿನ್ನೆಗೆ 13 ಆಯಿತು.

ಮೊನ್ನೆ ಅತ್ತೆಯ ತಮ್ಮನ ಮಗ ಚನ್ನಗಿರಿಯಿಂದ ಬಂದಿದ್ದ. ಅಡುಗೆಮನೆಗೆ ಬಂದು ಫೋನ್ ತೋರಿಸಿ, "ಅಕ್ಕಾ, ಇದನ್ನ ಹಂದಿ ಕರುಳಿಂದ ಮಾಡ್ತಾರಂತೆ" ಅಂದ. ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಅತ್ತೆ ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟುವವರಲ್ಲ. ಲಿಂಗಪೂಜೆ ಆಗದೆ ಊಟಕ್ಕೆ ಕೂರುವುದಿಲ್ಲ. ಅಂಥವರಿಗೆ ಹೇಳದೆ ಚುಚ್ಚುತ್ತಾ ಹೋಗಲಾ? ಹೇಳಿದರೆ ಬೇಡ ಅಂದುಬಿಟ್ಟರೆ?

ಮೈದುನ ಬೇರೆ, "ಅಮ್ಮ ಓಡಾಡ್ತಿದಾಳಲ್ಲ, ಸುಮ್ನೆ ಯಾಕೆ ಚುಚ್ತೀರಿ" ಅನ್ನುತ್ತಾರೆ. ಹೊಟ್ಟೆ ಮೇಲೆ ನೇರಳೆ ಹಣ್ಣು ಹಿಂಡಿದ ಹಾಗೆ ಕಲೆಗಳು.

ಹರಿಹರದ ನರ್ಸ್:

ಹುಡುಗ ಹೇಳಿದ್ದು ನಿಜ ಕಣಮ್ಮ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಅನ್ನೋ ಔಷಧಿಯನ್ನು ಹಂದಿಯ ಕರುಳಿನ ಒಳಪದರದಿಂದ ತೆಗೆಯುತ್ತಾರೆ. ಎನಾಕ್ಸಪಾರಿನ್ ತಯಾರಾಗುವುದು ಅದರಿಂದಲೇ. ಆದರೆ ನೀವಾಗಿ ನೀವೇ ನಿಲ್ಲಿಸಬೇಡಿ.

ಓಡಾಡುವುದು ಒಳ್ಳೆಯದೇ, ಅದೊಂದೇ ಸಾಲದು. ಕ್ಯಾನ್ಸರ್ ಇದ್ದವರ ರಕ್ತ ಬೇಗ ಹೆಪ್ಪುಗಟ್ಟುತ್ತದೆ, ಮೇಲೆ ಆಪರೇಷನ್ ಬೇರೆ. ಮೀನಖಂಡದಲ್ಲಿ ಕಟ್ಟಿದ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಮನೆಗೆ ಬಂದ ಮೇಲೂ ಕೆಲವು ವಾರ ಈ ಭಯ ಇರುತ್ತದೆ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೊಟ್ಟೆ, ಕಿಬ್ಬೊಟ್ಟೆ ಭಾಗದ ಕ್ಯಾನ್ಸರ್‌ಗೆ ಆಪರೇಷನ್ ಆದವರನ್ನು ಪರೀಕ್ಷೆ ಮಾಡಿ ನೋಡಿದ್ದರು. ಒಂದು ವಾರದ ಆಸುಪಾಸಿಗೆ ಇಂಜೆಕ್ಷನ್ ನಿಲ್ಲಿಸಿದವರಲ್ಲಿ 100ಕ್ಕೆ 12 ಜನಕ್ಕೆ ಹೆಪ್ಪು ಸಿಕ್ಕಿತು. ನಾಲ್ಕು ವಾರ ತೆಗೆದುಕೊಂಡವರಲ್ಲಿ 5ಕ್ಕೂ ಕಡಿಮೆ.

ಕಲೆಗೆ ಹೆದರಬೇಡಿ. ಒಂದು ದಿನ ಎಡಕ್ಕೆ, ಒಂದು ದಿನ ಬಲಕ್ಕೆ ಹಾಕಿ. ಹೊಕ್ಕುಳದಿಂದ ಮೂರು ಬೆರಳು ದೂರ ಇರಲಿ, ಹೊಲಿಗೆ ಹತ್ತಿರ ಬೇಡ. ಸಿರಿಂಜಿನ ಗಾಳಿಗುಳ್ಳೆ ಹೊರಗೆ ತಳ್ಳಬೇಡಿ. ಚರ್ಮದ ಮಡಿಕೆಯನ್ನು ಔಷಧಿ ಪೂರ್ತಿ ಹೋಗುವವರೆಗೂ ಹಿಡಿದಿರಿ. ಆಮೇಲೆ ಉಜ್ಜಲೇಬೇಡಿ, ಜಾಸ್ತಿ ಕಲೆ ಬೀಳುವುದು ಉಜ್ಜಿದ್ದಕ್ಕೇ. ಮಲ ಕಪ್ಪಗಾದರೆ, ಮೂತ್ರದಲ್ಲಿ ರಕ್ತ ಕಂಡರೆ, ಒಂದೇ ಕಾಲು ಬಾತರೆ, ಉಸಿರು ಕಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ. ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ಕೇಳದೆ ತರಬೇಡಿ.

ಅತ್ತೆಗೆ ಹೇಳಿ. ಅದು ಅವರ ಮೈ. ಹೇಳುವ ಮೊದಲು ಸರ್ಜನ್‌ಗೆ ಫೋನ್ ಮಾಡಿ. ಪ್ರಾಣಿಯಿಂದ ಬರದ ಫಾಂಡಾಪ್ಯಾರಿನಕ್ಸ್ ಇಂಜೆಕ್ಷನ್ ಇದೆ, ಕೆಲವರಿಗೆ ಮಾತ್ರೆಯೂ ಆಗುತ್ತದೆ. ಕಿಡ್ನಿ ಹೇಗಿದೆ ನೋಡಿ ಅವರೇ ತೀರ್ಮಾನ ಮಾಡಬೇಕು.

ಹೊಳಲ್ಕೆರೆ ಮಗ:

ನಮ್ಮಪ್ಪ ಚೆನ್ನಾಗಿದಾರೆ ಅಂತ ನಾವೇ 28ರಲ್ಲಿ ಹತ್ತು ಇಂಜೆಕ್ಷನ್‌ಗೇ ನಿಲ್ಲಿಸಿದ್ದೆವು. ಮೂರನೇ ವಾರ ಎಡಗಾಲು ಬಾತು ಚಪ್ಪಲಿ ಹಿಡಿಯಲಿಲ್ಲ. ಉಳಿಸಿದ್ದು 18 ಇಂಜೆಕ್ಷನ್. ಆಮೇಲೆ ಆರು ತಿಂಗಳು ಔಷಧಿ. ನಿಮ್ಮ ಮೈದುನನಿಗೆ ಇದನ್ನು ಓದಿಸಿ.

ದಾವಣಗೆರೆ ಸೊಸೆ:

ಸರ್ಜನ್ ಜೊತೆ ಮಾತಾಡಿದೆ. ಬೇಡ ಅಂದರೆ ಬೇರೆ ಬರೆದು ಕೊಡುತ್ತೇನೆ, ಮಧ್ಯೆ ಒಂದು ದಿನವೂ ತಪ್ಪಿಸಬೇಡಿ ಅಂದರು. ಸಂಜೆ ಅತ್ತೆಗೆ ಹೇಳಿದೆ. ಸ್ವಲ್ಪ ಹೊತ್ತು ಗೋಡೆ ನೋಡಿದರು. ಆಮೇಲೆ, "ಆಪರೇಷನ್‌ನಲ್ಲಿ ಎರಡು ಬಾಟ್ಲಿ ರಕ್ತ ಏರ್ಸಿದ್ರಲ್ಲ, ಅದು ಯಾರದು ಅಂತ ಕೇಳಿದ್ನಾ? ಎಷ್ಟು ಉಳಿದಾವೆ?" ಅಂದರು. 15 ಅಂದೆ. "ಹಾಕು. ಪೂಜೆ ಆದ್ಮೇಲೆ ಹಾಕು, ಮೊದ್ಲು ಬ್ಯಾಡ."

ಅದಕ್ಕೇ ಇನ್ನು ಮೇಲೆ 8ರ ಬದಲು 8.30. ಅರ್ಧ ಗಂಟೆಗೆ ಏನೂ ಆಗಲ್ಲ ಅಲ್ವಾ?

ಹರಿಹರದ ನರ್ಸ್:

ಏನೂ ಆಗಲ್ಲ. ದಿನಾ ಅದೇ ಹೊತ್ತಿಗೆ ಹಾಕಿ.