ನೌಕರಿಯ ಜೊತೆಗೆ ಮೊದಲ ಆಸ್ತಿ: ಹೊಸಕೋಟೆಯ ನಿವೇಶನಕ್ಕೆ ಮುಂಗಡ ಕೊಡಬಹುದೇ?

ಪ್ರಶ್ನೆ:
ನಾನು ಬೆಂಗಳೂರಿನ ಖಾಸಗಿ ಕಂಪನಿಯೊಂದರಲ್ಲಿ ಒಂಬತ್ತು ವರ್ಷಗಳಿಂದ ಕೆಲಸದಲ್ಲಿದ್ದೇನೆ. ಉಳಿತಾಯ 14 ಲಕ್ಷ ರೂಪಾಯಿ ಇದೆ. ಹೊಸಕೋಟೆಯ ಆಚೆ 30×40 ಅಡಿಯ ನಿವೇಶನವೊಂದನ್ನು ದಲ್ಲಾಳಿಯೊಬ್ಬರು ತೋರಿಸಿದ್ದಾರೆ. ಬೆಲೆ 32 ಲಕ್ಷ. ‘ಡಿಸಿ ಕನ್ವರ್ಷನ್ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವ ಭೂ ಪರಿವರ್ತನೆ) ಆಗಿದೆ, ಭಾನುವಾರದೊಳಗೆ ಎರಡು ಲಕ್ಷ ಮುಂಗಡ ಕೊಡಿ’ ಎನ್ನುತ್ತಿದ್ದಾರೆ. ನನಗೆ ಬಿಡುವಿರುವುದು ವಾರಕ್ಕೆ ಎರಡೇ ದಿನ. ನಿವೇಶನ ಕೊಳ್ಳುವುದು ಸರಿಯೇ, ಅಥವಾ ಸಾಲ ಮಾಡಿ ಫ್ಲ್ಯಾಟ್ ಕೊಂಡು ಬಾಡಿಗೆಗೆ ಕೊಡುವುದು ಸರಿಯೇ?

ಉತ್ತರ 1:
ಭಾನುವಾರದ ಗಡುವನ್ನು ಮೊದಲು ಮರೆತುಬಿಡಿ ಸರ್. ಭೂ ಪರಿವರ್ತನೆ ಬೇರೆ, ಬಡಾವಣೆಯ ನಕ್ಷೆಗೆ ಯೋಜನಾ ಪ್ರಾಧಿಕಾರದ ಅನುಮೋದನೆ ಬೇರೆ; ಮೊದಲನೆಯದು ಆಗಿ ಎರಡನೆಯದು ಆಗದ ಬಡಾವಣೆಗಳು ನಗರದ ಸುತ್ತ ಬೇಕಾದಷ್ಟಿವೆ. 500 ಚದರ ಮೀಟರಿಗಿಂತ ದೊಡ್ಡ ಬಡಾವಣೆ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯಾಗಿರಬೇಕು, ಮತ್ತು ನೋಂದಾಯಿತ ಕರಾರು ಇಲ್ಲದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ.

ಆಸ್ತಿಯ ಮೇಲಿನ ಸಾಲ, ವಹಿವಾಟುಗಳನ್ನು ತೋರಿಸುವ ಋಣಭಾರ ಪತ್ರವನ್ನು ಎಲ್ಲರೂ ತೆಗೆಸುತ್ತಾರೆ, ಮೂಲ ಮಂಜೂರಾತಿಯನ್ನು ನೋಡುವವರು ಕಡಿಮೆ. ಜಮೀನು ಹಿಂದೆ ಪರಿಶಿಷ್ಟ ಜಾತಿ ಅಥವಾ ಪಂಗಡದ ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ್ದಾಗಿದ್ದರೆ, 1978ರ ಪಿಟಿಸಿಎಲ್ (ಇಂಥ ಜಮೀನುಗಳ ಪರಭಾರೆ ನಿಷೇಧ) ಕಾಯ್ದೆಯಂತೆ ಸರ್ಕಾರದ ಅನುಮತಿಯಿಲ್ಲದೆ ನಡೆದ ಮಾರಾಟ ಅಸಿಂಧು. 2023ರ ತಿದ್ದುಪಡಿಯ ನಂತರ ಜಮೀನು ಮರಳಿ ಕೇಳುವುದಕ್ಕೆ ಕಾಲಮಿತಿಯೂ ಇಲ್ಲ. ನಾನೂ 2015ರಲ್ಲಿ ಕಮಾನು, ಟಾರು ರಸ್ತೆ, ಸಾಲಾಗಿ ನೆಟ್ಟ ತೆಂಗಿನ ಸಸಿಗಳನ್ನು ನೋಡಿ ಮರುಳಾಗಿ ಮುಂಗಡ ಕೊಟ್ಟವನೇ. ಬ್ಯಾಂಕಿನ ವಕೀಲರು ಹಳೆಯ ಪಹಣಿಯ ಒಂದು ಕಲಮಿನ ಮೇಲೆ ಬೆರಳಿಟ್ಟು ‘ಇದು ಮಂಜೂರಾತಿ ಜಮೀನು’ ಎಂದ ದಿನ ಕಣ್ಣು ತೆರೆಯಿತು. ಮುಂಗಡ ಕೈಗೆ ಬರುವಷ್ಟರಲ್ಲಿ ಹದಿನಾಲ್ಕು ತಿಂಗಳು ಕಳೆದಿದ್ದವು. ಆದ್ದರಿಂದ ಸಾಲ ಬೇಡವೆಂದರೂ ರಾಷ್ಟ್ರೀಕೃತ ಬ್ಯಾಂಕೊಂದರಲ್ಲಿ ಅರ್ಜಿ ಹಾಕಿ ನೋಡಿ. ಅವರು ಹಿಂಜರಿದರೆ ನೀವೂ ಹಿಂಜರಿಯಿರಿ.

ಉತ್ತರ 2:
ಖರ್ಚಿನ ಲೆಕ್ಕವನ್ನೂ ಸೇರಿಸಿಕೊಳ್ಳಿ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ. 32 ಲಕ್ಷಕ್ಕೆ ಹತ್ತಿರ ಹತ್ತಿರ ಎರಡೂವರೆ ಲಕ್ಷ ಇಲ್ಲಿಯೇ ಹೋಗುತ್ತದೆ.

ಫ್ಲ್ಯಾಟಿನ ವಿಷಯಕ್ಕೆ ಬಂದರೆ, ನನ್ನದು 72 ಲಕ್ಷಕ್ಕೆ ಕೊಂಡದ್ದು, ತಿಂಗಳ ಬಾಡಿಗೆ 20,000. ಅಂದರೆ ವರ್ಷಕ್ಕೆ ಶೇ. 3.3, ಸಾಲದ ಬಡ್ಡಿ ಅದರ ಎರಡು ಪಟ್ಟಿಗಿಂತ ಮೇಲೆ. ಹೊಸ ತೆರಿಗೆ ಪದ್ಧತಿಯಲ್ಲಿ ಈ ನಷ್ಟವನ್ನು ಸಂಬಳದ ಆದಾಯದಲ್ಲಿ ಕಳೆಯಲೂ ಬರುವುದಿಲ್ಲ. ಜೊತೆಗೆ, ಕಚೇರಿಯ ಮೀಟಿಂಗಿನ ನಡುವೆ ಬಾಡಿಗೆದಾರರು ಕರೆ ಮಾಡಿ ‘ಗೀಸರ್ ಸೋರುತ್ತಿದೆ’ ಎಂದರೆ ಪ್ಲಂಬರನ್ನು ಹುಡುಕಬೇಕಾದವರು ನೀವೇ.

ಉತ್ತರ 3:
ಓಡಾಟಕ್ಕೆ ಸಮಯವಿಲ್ಲದಿದ್ದರೆ ರೀಟ್ (ಹಲವರ ಹಣ ಸೇರಿಸಿ ಕಟ್ಟಡಗಳಲ್ಲಿ ಹೂಡಿ ಬಾಡಿಗೆ ಹಂಚುವ ಟ್ರಸ್ಟ್) ಎಂಬ ದಾರಿಯೂ ಇದೆ. ದೇಶದ ಮೊದಲ ರೀಟ್ ಆದ ಎಂಬೆಸಿ 2019ರಲ್ಲಿ ಷೇರುಪೇಟೆಗೆ ಬಂತು. ಕಚೇರಿ ಕಟ್ಟಡಗಳ ಬಾಡಿಗೆಯಿಂದ ಬಂದ ಹಂಚಬಹುದಾದ ಹಣದಲ್ಲಿ ಕನಿಷ್ಠ ಶೇ. 90ರಷ್ಟನ್ನು ಹೂಡಿಕೆದಾರರಿಗೆ ಹಂಚಲೇಬೇಕು. ಒಂದೇ ಯೂನಿಟ್ ಬೇಕಾದರೂ ಕೊಳ್ಳಬಹುದು, ಆದರೆ ಬೆಲೆ ಷೇರಿನಂತೆಯೇ ಏರಿಳಿಯುತ್ತದೆ.

ಪ್ರಶ್ನೆ ಕೇಳಿದವರಿಂದ:
ಎಲ್ಲರಿಗೂ ಧನ್ಯವಾದಗಳು. ಮಂಜೂರಾತಿಯ ದಾಖಲೆ ಮತ್ತು ಅನುಮೋದಿತ ನಕ್ಷೆಯ ಪ್ರತಿ ಕೊಡಿ ಎಂದು ದಲ್ಲಾಳಿಯನ್ನು ಕೇಳಿದೆ. ‘ಅಷ್ಟೆಲ್ಲ ಯಾಕೆ ಸರ್, ಇನ್ನೊಬ್ಬರು ಹಣ ಹಿಡಿದು ನಿಂತಿದ್ದಾರೆ’ ಎಂದರು. ಅವರಿಗೇ ಕೊಡಿ ಎಂದು ಹೇಳಿದ್ದೇನೆ.