ಐನ್‌ಮನೆ ಫೋಟೋಗೆ 10-18 ಲೆನ್ಸ್ ತಗೊಳ್ಳಬಹುದಾ?

ಪ್ರಶ್ನೆ (ಮೂರ್ನಾಡಿನಿಂದ):
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಕ್ಯಾನನ್ 200ಡಿ ಕ್ಯಾಮೆರಾ, ಅದರ ಜೊತೆ ಬಂದ 18-55 ಎಂಎಂ ಲೆನ್ಸ್ ಇದೆ. ನಮ್ಮ ಐನ್‌ಮನೆ (ಕೊಡವ ಕುಟುಂಬದ ಮೂಲ ಮನೆ) ರಿಪೇರಿ ಶುರುವಾಗೋ ಮುಂಚೆ ಕಂಬ, ಕೆತ್ತನೆ, ಬಾಗಿಲು ಎಲ್ಲಾ ಫೋಟೋ ತೆಗೆದಿಡಬೇಕು. ಕೈಯಾಲೆಯಲ್ಲಿ, ಅಂದ್ರೆ ಮುಂದಿನ ಜಗಲಿಯಲ್ಲಿ, ಬೆನ್ನು ಗೋಡೆಗೆ ತಾಗೋವರೆಗೆ ಹಿಂದೆ ಹೋದ್ರೂ ಎರಡೇ ಕಂಬ ಬರುತ್ತೆ. ಇನ್ನೂ ಅಗಲ ಹಿಡಿಯೋ ಕ್ಯಾನನ್ 10-18 ಎಸ್‌ಟಿಎಂ ಲೆನ್ಸ್ ಸೆಕೆಂಡ್ ಹ್ಯಾಂಡ್ ಒಂದು ಸಿಗ್ತಿದೆ. ಮಾಂದಲ್‌ಪಟ್ಟಿ ಬೆಟ್ಟದ ಫೋಟೋಗೂ ಆಗುತ್ತಾ?

ಉತ್ತರ (ಮಡಿಕೇರಿಯಿಂದ):
ಧೈರ್ಯವಾಗಿ ತಗೊಳ್ಳಿ. ಮೂರು ವರ್ಷದಿಂದ ಅದೇ ಲೆನ್ಸ್ ಬಳಸ್ತಿದ್ದೇನೆ. 240 ಗ್ರಾಂ ಅಷ್ಟೇ, ಬೆಟ್ಟ ಹತ್ತುವಾಗ ಚೀಲದಲ್ಲಿದೆ ಅಂತಲೇ ಗೊತ್ತಾಗಲ್ಲ. ನಿಮ್ಮ ಕ್ಯಾಮೆರಾದಲ್ಲಿ 10 ಎಂಎಂ ಅಂದ್ರೆ ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 16 ಎಂಎಂ ಇದ್ದ ಹಾಗೆ.

ಆದರೆ ಕ್ಯಾಮೆರಾ ಸ್ವಲ್ಪ ಮೇಲೆತ್ತಿದ್ರೂ ಕಂಬಗಳು ಒಳಗೆ ವಾಲುತ್ತವೆ. ಗುಮ್ಮಟ, ಮಿನಾರು ಇರೋ ನಮ್ಮೂರಿನ ಓಂಕಾರೇಶ್ವರ ದೇವಸ್ಥಾನದಲ್ಲಿ ಇದನ್ನು ಕಲಿತೆ. ಮೊದಲ ದಿನ ತೆಗೆದ ಫೋಟೋಗಳಲ್ಲಿ ಮಿನಾರುಗಳೆಲ್ಲ ಗುಮ್ಮಟದ ಕಡೆ ಬಾಗಿದ್ದವು. ಮಾರನೇ ದಿನ ಕೊಳದ ಈಚೆ ದಡದಲ್ಲಿ ನಿಂತು ಕ್ಯಾಮೆರಾ ನೇರ ಹಿಡಿದೆ. ಕೆಳಗಿನ ಅರ್ಧ ಬರೀ ನೀರು, ನೀರಲ್ಲಿ ಗುಮ್ಮಟದ ನೆರಳು. ಕಂಬ, ಮಿನಾರು ಎಲ್ಲಾ ನೆಟ್ಟಗೆ! ಮನೆಯೊಳಗೂ ಹಾಗೇ ಮಾಡಿ. ಟ್ರೈಪಾಡ್ ಎದೆಮಟ್ಟಕ್ಕಿಡಿ, ಅಪರ್ಚರ್ (ಬೆಳಕು ಬರೋ ಕಿಂಡಿ) ಎಫ್8. ಮಳೆಗಾಲದ ಕತ್ತಲಲ್ಲಿ ಶಟರ್ ಒಂದೆರಡು ಸೆಕೆಂಡ್ ಹೋದ್ರೂ ತೊಂದರೆಯಿಲ್ಲ. ಅಂಚಿಗೆ ಜನರನ್ನು ನಿಲ್ಲಿಸಬೇಡಿ, ಮುಖ ಎಳೆದ ಹಾಗೆ ಬರುತ್ತೆ.

ಮಾಂದಲ್‌ಪಟ್ಟಿಯಲ್ಲಿ ದೂರದ ಬೆಟ್ಟ ಈ ಲೆನ್ಸಲ್ಲಿ ಸಣ್ಣ ಗುಡ್ಡೆ ಆಗಿಬಿಡುತ್ತೆ. ಕಾಲ ಹತ್ತಿರವೇ ಒಂದು ಬಂಡೆಯೋ ಇಬ್ಬನಿ ಹಿಡಿದ ಹುಲ್ಲೋ ಇರಬೇಕು. ಬರೀ ಬೆಟ್ಟ ಬೇಕಿದ್ರೆ ನಿಮ್ಮ 18-55 ವಾಸಿ.

ಉತ್ತರ (ಸೋಮವಾರಪೇಟೆಯಿಂದ):
ದುಡ್ಡು ಕೊಡೋ ಮುಂಚೆ ಲೆನ್ಸ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆಯ ಎಳೆ ತರಹ ಕಂಡ್ರೆ ಫಂಗಸ್, ಬೇಡವೇ ಬೇಡ. ನನ್ನದೊಂದು ಲೆನ್ಸ್ ಒಂದೇ ಮಳೆಗಾಲಕ್ಕೆ ಹಾಗಾಯ್ತು, ಬೀರುವಿನಲ್ಲಿಟ್ಟಿದ್ದೆ. ಈಗ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್. ಇನ್ನೊಂದು: ಗೋಡೆಗೆ ಪೇಪರ್ ಅಂಟಿಸಿ, ಎದುರಿಗೆ ನೇರ ನಿಂತು ಒಂದು ಫೋಟೋ ತೆಗೆಯಿರಿ. ನಾಲ್ಕು ಮೂಲೆಯಲ್ಲಿ ಒಂದೇ ಮೂಲೆಯ ಅಕ್ಷರ ಮಸುಕಾದ್ರೆ ಒಳಗಿನ ಗಾಜು ಸರಿದಿರಬಹುದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಟಾರ್ಚ್, ಪೇಪರ್ ಎರಡೂ ತಗೊಂಡೇ ಹೋಗಿದ್ದೆ. ಗಾಜು ಶುದ್ಧ, ನಾಲ್ಕು ಮೂಲೆಯೂ ಓದೋಕೆ ಬರುತ್ತೆ. ಸಂಜೆ ಅದೇ ಗೋಡೆಗೆ ಬೆನ್ನು ಕೊಟ್ಟು ನಿಂತೆ. ಕೈಯಾಲೆಯ ನಾಲ್ಕು ಕಂಬವೂ ಬಂತು, ಅಜ್ಜ ಕೂರುತ್ತಿದ್ದ ಐಮರವೂ (ಕಂಬಗಳ ನಡುವಿನ ಮರದ ಹಲಗೆ) ಬಂತು.