ಕಾರು ಸರಿಸಲು ವೀಲ್ ಡಾಲಿ: ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ಮೆಕ್ಯಾನಿಕ್: ವೀಲ್ ಡಾಲಿ ಬಗ್ಗೆ ತುಂಬಾ ಜನ ಕೇಳುತ್ತಿದ್ದೀರಿ. ಟೈರಿನ ಕೆಳಗೆ ಇಡುವ, ನಾಲ್ಕು ಪುಟ್ಟ ಚಕ್ರಗಳಿರುವ ಕಬ್ಬಿಣದ ತಟ್ಟೆ ಅದು. ನಾಲ್ಕೂ ಟೈರಿಗೆ ಇಟ್ಟರೆ ಕಾರನ್ನು ಅಡ್ಡಡ್ಡಲೂ ಸರಿಸಬಹುದು. ಪ್ರಶ್ನೆ ಇಲ್ಲೇ ಹಾಕಿ. ಕಾರಿನ ತೂಕ ಎಷ್ಟು, ನೆಲ ಎಂಥದ್ದು ಅಂತ ಮರೆಯದೆ ಬರೆಯಿರಿ.

ನಾಲ್ಕು ಚಕ್ರ: ಸರ್, ನನ್ನ ಕಾರು 1200 ಕೆ.ಜಿ. ಒಂದೊಂದು ಡಾಲಿ 300 ಕೆ.ಜಿ. ಹೊತ್ತರೆ ಸಾಕಲ್ವಾ?

ಮೆಕ್ಯಾನಿಕ್: ಸಾಲದು. ಎಂಜಿನ್ ಮುಂದಿರುವ ಕಾರಿನ ಭಾರ ಮುಂದೆಯೇ ಜಾಸ್ತಿ. ನೂರಕ್ಕೆ 60 ಪಾಲು ಮುಂದಿದೆ ಅಂದುಕೊಳ್ಳಿ. 720 ಆಯಿತು, ಮುಂದಿನ ಒಂದೊಂದು ಟೈರಿಗೆ 360. ನಿಮ್ಮ 300ರ ಡಾಲಿ ಅಲ್ಲೇ ಸೋತಿತು. ನೆಲವೂ ಪೂರ್ತಿ ಸಮ ಇರುವುದಿಲ್ಲ. ಒಂದು ಡಾಲಿ ತಗ್ಗಿಗೆ ಬಂದರೆ ಅದರ ಭಾರ ಬೇರೆಯವುಗಳ ಮೇಲೆ ಬೀಳುತ್ತದೆ. ನಾನು ಒಂದೂವರೆ ಪಟ್ಟು ಹಿಡಿಯುತ್ತೇನೆ. ಈ ಕಾರಿಗೆ 540ಕ್ಕಿಂತ ಕಡಿಮೆ ಬೇಡ. ಪೆಟ್ಟಿಗೆ ಮೇಲಿನ ತೂಕ ಒಂದು ಡಾಲಿಯದೋ, ಜೋಡಿಯದೋ, ನಾಲ್ಕೂ ಸೇರಿದ್ದೋ ಅಂತಲೂ ನೋಡಿ. ಜನ ಎಡವುವುದು ಅಲ್ಲೇ.

ಸ್ಪ್ಯಾನರ್: ತಟ್ಟೆ ಡಾಲಿ ಒಳ್ಳೆಯದೋ, ಕಾಲಲ್ಲಿ ಪೆಡಲ್ ಒತ್ತುವ ಹೈಡ್ರಾಲಿಕ್ ಡಾಲಿಯೋ?

ಮೆಕ್ಯಾನಿಕ್: ದಿನಾ ಸರಿಸುವವರಿಗೆ ಪೆಡಲಿನದು. ಎರಡು ರೋಲರ್ ಟೈರನ್ನು ಹಿಂದೆ ಮುಂದೆ ಅಮುಕಿ ತಾವೇ ಎತ್ತುತ್ತವೆ, ಜಾಕ್ ಬೇಡ. ಟೈರಿನ ಅಗಲಕ್ಕೆ ಹೊಂದುತ್ತದಾ ನೋಡಿ. ಅಪರೂಪಕ್ಕೆ ಸರಿಸುವವರಿಗೆ ತಟ್ಟೆ ಸಾಕು.

ಹಳೇ ಡೀಸೆಲ್: ಯಾವುದೇ ಆಗಲಿ, ಚಕ್ರ ಉಕ್ಕಿನದೇ ಇರಲಿ. ಪ್ಲಾಸ್ಟಿಕ್ಕಿಗೆ ದುಡ್ಡು ಸುರಿಯಬೇಡಿ.

ಟೈಲ್ಸ್ ನೆಲ: ಅದು ಮಾಮೂಲಿ ಪ್ಲಾಸ್ಟಿಕ್ ಅಲ್ಲ ಅಣ್ಣಾ, ಪಾಲಿಯುರಿಥೇನ್, ರಬ್ಬರಿನ ಹಾಗಿರುವ ಗಟ್ಟಿ ವಸ್ತು. ಉಕ್ಕಿನ ಚಕ್ರ ನನ್ನ ಎರಡು ಟೈಲ್ಸ್ ಒಡೆದು ಹಾಕಿತು.

ಹಳೇ ಡೀಸೆಲ್: ಟೈಲ್ಸ್ ಸರಿಯಾಗಿ ಕೂರಿಸಿರಲಿಲ್ಲ ಅಷ್ಟೆ. ಚಕ್ರದ ಮೇಲೆ ಯಾಕೆ ತಪ್ಪು ಹೊರಿಸುತ್ತೀರಿ?

ಮೂಲೆಮನೆ: ಸರ್, ಡಾಲಿ ತಂದಾಗಿದೆ. ಗ್ಯಾರೇಜ್ 5 ಮೀಟರ್ ಉದ್ದ, ನೆಲ ಗೇಟಿನ ಕಡೆಗೆ ಸುಮಾರು 15 ಸೆಂ.ಮೀ. ಇಳಿಜಾರು. ಕಾರು 1300 ಕೆ.ಜಿ. ನಾನೂ ಅಪ್ಪನೂ ಸೇರಿ ನಾಲ್ಕೂ ಟೈರಿಗೆ ಡಾಲಿ ಇಟ್ಟು ಪಕ್ಕದ ಗೋಡೆಗೆ ತಳ್ಳಬೇಕು ಅಂತಿದ್ದೇವೆ. ಅಪ್ಪ ಗೇಟಿನ ಕಡೆ ನಿಂತು ಹಿಡಿದುಕೊಳ್ಳುತ್ತಾರೆ. ಹ್ಯಾಂಡ್‌ಬ್ರೇಕ್ ಹಾಕಿ ಗೇರಲ್ಲಿ ಇಟ್ಟರೆ ಕಾರು ನಿಲ್ಲುತ್ತದಲ್ವಾ?

ಮೆಕ್ಯಾನಿಕ್: ನಿಲ್ಲುವುದಿಲ್ಲ. ದಯವಿಟ್ಟು ಇದನ್ನು ಪೂರ್ತಿ ಓದುವವರೆಗೆ ಡಾಲಿ ಮುಟ್ಟಬೇಡಿ. ಕೈಯಲ್ಲಿದ್ದ ಕೆಲಸ ಬಿಟ್ಟು ಬರೆಯುತ್ತಿದ್ದೇನೆ.

ಹ್ಯಾಂಡ್‌ಬ್ರೇಕ್ ಹಿಡಿಯುವುದು ಕಾರಿನ ಚಕ್ರವನ್ನು. ಆದರೆ ನೆಲಕ್ಕೆ ತಾಗಿರುವುದು ಡಾಲಿಯ ಚಕ್ರ. ಅದಕ್ಕೆ ಬ್ರೇಕೂ ಗೊತ್ತಿಲ್ಲ, ಗೇರೂ ಗೊತ್ತಿಲ್ಲ. ನಾಲ್ಕನೇ ಡಾಲಿ ಇಟ್ಟು ಜಾಕ್ ಇಳಿಸಿದ ಕ್ಷಣದಿಂದ ನಿಮ್ಮ ಕಾರಿಗೆ ಯಾವ ಹಿಡಿತವೂ ಇಲ್ಲ. ಯಾವ ದಿಕ್ಕಿಗೆ ಬೇಕಾದರೂ ಹೊರಡುತ್ತದೆ.

ಐದು ಮೀಟರಿಗೆ 15 ಅಂದರೆ ಮೀಟರಿಗೆ 3 ಸೆಂ.ಮೀ. ನೂರಕ್ಕೆ 3. 1300 ಕೆ.ಜಿ. ಕಾರನ್ನು ಸುಮಾರು 39 ಕೆ.ಜಿ.ಯಷ್ಟು ಬಲ ಸದಾ ಗೇಟಿನ ಕಡೆಗೆ ಎಳೆಯುತ್ತಿರುತ್ತದೆ. ಚಕ್ರದ ತಿಕ್ಕಾಟ ಅದರಲ್ಲಿ ಸ್ವಲ್ಪ ತಡೆಯುತ್ತದೆ. ಡಾಲಿ ಒಳ್ಳೆಯದಾದಷ್ಟೂ ತಡೆ ಕಡಿಮೆ. ಇಷ್ಟನ್ನು ಇಬ್ಬರು ಹಿಡಿಯುತ್ತೇವೆ ಅನ್ನಿಸುತ್ತದೆ. ನಿಂತಿರುವಾಗ ಹಿಡಿಯಬಹುದು. ಒಮ್ಮೆ ಹೊರಟಿತು ಅಂದರೆ ನೀವು ನಿಲ್ಲಿಸಬೇಕಾದದ್ದು ಓಡುತ್ತಿರುವ 1300 ಕೆ.ಜಿ.ಯನ್ನು. ಆಗ ಮನುಷ್ಯ ಯೋಚಿಸುವುದಿಲ್ಲ, ಮುಂದೆ ಹೋಗಿ ಕೈ ಕೊಡುತ್ತಾನೆ. ನಿಮ್ಮ ತಂದೆಯ ಹಿಂದೆ ಗೇಟಿದೆ.

ನಾನೇ ಒಮ್ಮೆ ಹಾಗೆ ಭುಜ ಕೊಟ್ಟಿದ್ದೇನೆ. ಕಣ್ಣಿಗೆ ಸಮವಾಗಿ ಕಂಡ ನೆಲ ಅದು. ಪಕ್ಕೆ ನೋವು ಹೋಗಲು ತಿಂಗಳು ಹಿಡಿಯಿತು. ಹಿಂದೆ ಗೋಡೆ ಇರಲಿಲ್ಲ, ಅದಕ್ಕೇ ಉಳಿದೆ.

ಡಾಲಿಯ ಲಾಕನ್ನೂ ಇಳಿಜಾರಲ್ಲಿ ನಂಬಬೇಡಿ. ನುಣ್ಣನೆ ನೆಲದಲ್ಲಿ ಲಾಕ್ ಆದ ಚಕ್ರವೂ ಜಾರುತ್ತದೆ. ಒಂದು ಮೀಟರ್ ನೇರ ಹಲಗೆ ಹಾಕಿ, ಮೇಲೆ ರಸಮಟ್ಟ ಇಟ್ಟು ಇನ್ನೊಮ್ಮೆ ಅಳೆಯಿರಿ. ನೀವು ಹೇಳಿದಷ್ಟೇ ಇದ್ದರೆ ಆ ನೆಲಕ್ಕೆ ಡಾಲಿ ಬೇಡವೇ ಬೇಡ.

ಸ್ಪ್ಯಾನರ್: ಸಮ ನೆಲದಲ್ಲಿ ಹೇಗೆ ಏರಿಸಬೇಕು ಸರ್?

ಮೆಕ್ಯಾನಿಕ್: ಮೊದಲು ಕಸ ಗುಡಿಸಿ. ಒಂದು ಜಲ್ಲಿ ಚೂರು ಸಾಕು, ಪುಟ್ಟ ಚಕ್ರ ತಟ್ಟನೆ ನಿಂತು ಟೈರು ತಟ್ಟೆಯಿಂದ ಆಚೆ ಉರುಳುತ್ತದೆ. ಸ್ಟೀರಿಂಗ್ ನೇರ ಮಾಡಿ ಲಾಕ್ ಮಾಡಿ. ನೆಲದಲ್ಲಿರುವ ಟೈರುಗಳಿಗೆ ಅಡೆ ಕೊಟ್ಟು, ಕಾರಿನಲ್ಲಿ ಗುರುತು ಮಾಡಿರುವ ಜಾಗಕ್ಕೇ ಜಾಕ್ ಕೊಡಿ. ಟೈರು ತಟ್ಟೆಯ ನಡುವೆ ಕೂರಬೇಕು. ಏರಿಸಿದ ಡಾಲಿಗಳಿಗೂ ಮರದ ತುಂಡಿನ ಅಡೆ ಇರಲಿ, ತಳ್ಳುವಾಗ ಮಾತ್ರ ತೆಗೆಯಿರಿ. ದಿಕ್ಕು ಬದಲಿಸಿದಾಗ ಚಕ್ರಗಳೆಲ್ಲ ಗಿರ್ರನೆ ತಿರುಗಿ ಕಾರು ಒಮ್ಮೆ ಜಗ್ಗುತ್ತದೆ. ಅದಕ್ಕೇ ನಿಧಾನ. ಮಡ್‌ಗಾರ್ಡ್ ತಗಡಿನ ಮೇಲೆ ತಳ್ಳಬೇಡಿ, ಡೊಂಕಾಗುತ್ತದೆ. ಕಾರಿಗೂ ಗೋಡೆಗೂ ನಡುವೆ ಯಾರೂ ನಿಲ್ಲಬಾರದು.

ಬೈಕ್ ಸವಾರ: ಬೈಕಿಗೂ ಇಂಥ ಡಾಲಿ ಬರುತ್ತದಲ್ಲ, ಸೈಡ್ ಸ್ಟ್ಯಾಂಡ್ ಮೇಲೆ ನಿಲ್ಲಿಸಬಹುದಾ?

ಶುಭೋದಯ: ಫಾರ್ವರ್ಡ್ ಬಂದಿದೆ ನೋಡಿ. ನೆಲಕ್ಕೆ ಸೋಪು ನೀರು ಸುರಿದರೆ ಕಾರು ಅಡ್ಡಡ್ಡ ಜಾರುತ್ತದಂತೆ. ಡಾಲಿ ಖರ್ಚೇ ಬೇಡ.

ಮೆಕ್ಯಾನಿಕ್: ಬೇಡ. ತಳ್ಳುವವರ ಕಾಲು ಎಲ್ಲಿರುತ್ತದೆ? ಅದೇ ಸೋಪಿನ ಮೇಲೆ. ಆಮೇಲೆ ಅದೇ ಒದ್ದೆ ಟೈರಲ್ಲಿ ಕಾರು ಹೊರಗೆ ತೆಗೆಯುತ್ತೀರಿ.

ನಾಳೆ ಡೆಲಿವರಿ: ನನ್ನದು 1100 ಕೆ.ಜಿ., ಎಂಜಿನ್ ಮುಂದೆ. 275ರ ನಾಲ್ಕು ಡಾಲಿ ಸಾಕಾ?

ಮೆಕ್ಯಾನಿಕ್: ಮೇಲೆ ಲೆಕ್ಕ ಇದೆ.

ಶುಭೋದಯ: ಇನ್ನೊಂದು ವಿಡಿಯೋ. ಜಾಕೇ ಬೇಡ, ರಿವರ್ಸ್ ಬಂದು ಡಾಲಿ ಮೇಲೆ ನೇರ ಹತ್ತಿಸುತ್ತಾರೆ.

ಮೆಕ್ಯಾನಿಕ್: ದಯವಿಟ್ಟು ಇವನ್ನು ಇಲ್ಲಿ ಹಾಕಬೇಡಿ. ಎಂಜಿನ್ ತಿರುಗಿಸುವ ಟೈರು ಡಾಲಿಯನ್ನು ಒದ್ದು ಆಚೆ ಎಸೆಯುತ್ತದೆ. ಅದು ಯಾರ ಕಾಲಿಗೆ ಬಡಿಯುತ್ತದೆ ಅಂತ ವಿಡಿಯೋ ಮಾಡಿದವರು ಹೇಳಿಲ್ಲ.

ಸ್ಪ್ಯಾನರ್: ಡಾಲಿ ಮೇಲಿದ್ದಾಗಲೇ ಕೆಳಗೆ ತೂರಿ ಆಯಿಲ್ ಬದಲಿಸಬಹುದಾ?

ಮೆಕ್ಯಾನಿಕ್: ಇಲ್ಲ. ಯಾವತ್ತೂ ಇಲ್ಲ. ಅದಕ್ಕೆ ಜಾಕ್ ಸ್ಟ್ಯಾಂಡ್ ಇದೆ.

ಹಳೇ ಡೀಸೆಲ್: ಉಕ್ಕಿನ ಚಕ್ರದ ಬಗ್ಗೆ ಮೆಕ್ಯಾನಿಕ್ ಏನೂ ಹೇಳಲಿಲ್ಲ. ಅಂದರೆ ನಾನು ಹೇಳಿದ್ದು ಸರಿ.

ಟೈಲ್ಸ್ ನೆಲ: ಸುಮ್ಮನಿದ್ದರೆ ಒಪ್ಪಿದ ಹಾಗಾ? ಒಡೆದದ್ದು ನನ್ನ ನೆಲ, ನಿಮ್ಮದಲ್ಲ.

ಹಳೇ ಡೀಸೆಲ್: ಮೂವತ್ತು ವರ್ಷದಿಂದ ಕಾರು ಇಟ್ಟವನು ನಾನು. ನಿನ್ನೆ ಮೊನ್ನೆ ಬಂದವರಿಂದ ಕಲಿಯಬೇಕಿಲ್ಲ.

ಮೆಕ್ಯಾನಿಕ್: ಇಬ್ಬರೂ ನಿಲ್ಲಿಸಿ. ಗಟ್ಟಿ ನುಣ್ಣನೆ ಕಾಂಕ್ರೀಟಿಗೆ ಉಕ್ಕು ನಡೆಯುತ್ತದೆ. ಟೈಲ್ಸ್, ಬಣ್ಣ ಹಚ್ಚಿದ ನೆಲ, ಬಿರುಕು ಇರುವ ಕಡೆ ಪಾಲಿಯುರಿಥೇನ್. ಚಕ್ರ ದೊಡ್ಡದಾದಷ್ಟೂ ಸಂದು ದಾಟುವುದು ಸುಲಭ. ಬರೀ ರಬ್ಬರ್ ಆದರೆ ತುಂಬಾ ದಿನ ಭಾರ ಹೊತ್ತು ಚಪ್ಪಟೆಯಾಗುತ್ತದೆ.

ಹಳೇ ಡೀಸೆಲ್: ಅದನ್ನೇ ನಾನೂ ಹೇಳಿದ್ದು.

ಟೈಲ್ಸ್ ನೆಲ: ಮೇಲೆ ಹೋಗಿ ನೀವು ಬರೆದದ್ದು ಓದಿ ಸ್ವಾಮಿ.

ನಾಳೆ ಡೆಲಿವರಿ: ಲೆಕ್ಕ ಬರುವುದಿಲ್ಲ ಅಂತ ತಾನೇ ಕೇಳಿದ್ದು? ಹೌದು ಅಥವಾ ಇಲ್ಲ ಅಂದರೆ ಆಗುತ್ತಿತ್ತು.

ಮೆಕ್ಯಾನಿಕ್: ಇಲ್ಲ. 500 ತನ್ನಿ.

ಬೈಕ್ ಸವಾರ: ಬೈಕಿನ ಬಗ್ಗೆ ಕೇಳಿದ್ದೆ.

ಮೂಲೆಮನೆ: ಸರ್, ರಸಮಟ್ಟ ಇಟ್ಟು ಅಳೆದೆ. ಒಳಗೆ ಮೀಟರಿಗೆ 3 ಸೆಂ.ಮೀ., ಗೇಟಿನ ಹತ್ತಿರ 4. ಹಿಂದಿನ ಎರಡು ಟೈರಿಗೆ ಮಾತ್ರ ಇಟ್ಟು, ಮುಂದೆ ಅಡೆ ಕೊಟ್ಟರೆ?

ಮೆಕ್ಯಾನಿಕ್: ಆ ಇಳಿಜಾರಲ್ಲಿ ಅದೂ ಬೇಡ. ಪಕ್ಕದ ಗೋಡೆಗೆ ತಳ್ಳಲು ಹೊರಟಾಗ ಹಿಂಭಾಗ ಗೇಟಿನ ಕಡೆ ತಿರುಗಿಕೊಂಡು ಹೋಗುತ್ತದೆ. ನೆಲ ಸಮ ಮಾಡಿಸುವವರೆಗೆ ಹಿಂದೆ ಮುಂದೆ ನಾಲ್ಕು ಸಲ ಓಡಿಸಿಯೇ ನಿಲ್ಲಿಸಿ. ತಂದೆಯವರಿಗೆ ನಾನು ಹೇಳಿದೆ ಅಂತ ಹೇಳಿ.

ಮೂಲೆಮನೆ: ಓದಿ ಹೇಳಿದೆ ಸರ್. ಡಾಲಿಗಳನ್ನು ಪೆಟ್ಟಿಗೆಗೆ ವಾಪಸ್ ಹಾಕಿದೆವು.

ಬೈಕ್ ಸವಾರ: ಮೂರನೇ ಸಲ ಕೇಳುತ್ತಿದ್ದೇನೆ.